ಕೊನೆಯ ಸಾಲಿಗೆ ಕೇಳುವ ಹಾಗೆ

ನಮ್ಮ ಚಿಕ್ಕೋಡಿಯ ಮನೆಗೆ ಪಿಟೀಲು ಬಂದದ್ದು ಸೊಸೆಯ ಸಾಮಾನಿನ ಜೊತೆಗೆ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಮೈಸೂರು ಸೀಮೆಯವಳು. ತಿರುಮಕೂಡಲು ನರಸೀಪುರ ಅವಳ ತವರು. 1986ರಲ್ಲಿ ಅವಳು ಮದುವೆಯಾಗಿ ಬಂದಾಗ ಹಿತ್ತಾಳೆ ಕೊಡ, ಹಾಸಿಗೆ ಸುರುಳಿ, ಟ್ರಂಕುಗಳ ನಡುವೆ ಒಂದು ಉದ್ದನೆಯ ಕರಿ ಪೆಟ್ಟಿಗೆಯೂ ಟೆಂಪೋದಿಂದ ಇಳಿಯಿತು. ನೋಡಲು ನೆರೆದಿದ್ದ ಓಣಿಯ ಹುಡುಗರು, "ಬಂದೂಕ ಐತೇನ್ರಿ ಅದರಾಗ?" ಎಂದು ಕೇಳಿದರು. ಒಳಗಿದ್ದದ್ದು ಕೆಂಪು ಮಖಮಲ್ಲಿನಲ್ಲಿ ಮಲಗಿದ್ದ ಪಿಟೀಲು. ಅವಳು ಸಂಗೀತದ ಸೀನಿಯರ್ ಪರೀಕ್ಷೆ ಪಾಸು ಮಾಡಿಕೊಂಡಿದ್ದಳು. ವಿದ್ವತ್ತಿಗೆ ಕಟ್ಟಬೇಕು ಅನ್ನುವಷ್ಟರಲ್ಲಿ ನಮ್ಮ ಮನೆಯ ಸಂಬಂಧ ಗೊತ್ತಾಯಿತು.

ನಮ್ಮ ಕಡೆಯ ಕಿವಿಯೇ ಬೇರೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿ ಹೋದರೂ ಹಾಡು ಅಂದರೆ ಅದರ ಹಿಂದೆ ಪೇಟಿ, ಅಂದರೆ ಹಾರ್ಮೋನಿಯಂ, ಇರಲೇಬೇಕು. ಭಜನೆಗೂ ಪೇಟಿ, ಕೀರ್ತನಕ್ಕೂ ಪೇಟಿ, ನಾಟಕಕ್ಕಂತೂ ಪೇಟಿಯ ಮಾಸ್ತರನೇ ಅರ್ಧ ಯಜಮಾನ. ಬೆಳಿಗ್ಗೆ ಸಾಂಗ್ಲಿ ರೇಡಿಯೋದಲ್ಲಿ ನಾಟ್ಯಸಂಗೀತ, ಸಂಜೆಗೆ ಧಾರವಾಡ ಕೇಂದ್ರ. ಇಂಥ ಮನೆಯಲ್ಲಿ ಹೊಸ ಸೊಸೆ ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಗಾಲ ಹರಡಿನ ಮೇಲೆ ಇಟ್ಟು ಕಮಾನು ಎಳೆದಳು. ಅಡುಗೆಮನೆಯಿಂದ ನಮ್ಮ ಅತ್ತೆಯವರು, "ಯಾವ ಬಾಗಿಲರೀ ಅದು ಕಿರ್ ಅನ್ನೂದು? ಒಂದೀಟ ಎಣ್ಣಿ ಹಾಕ್ರಿ" ಅಂದರು. ಕುಚೇಷ್ಟೆಯಿಂದಲ್ಲ, ನಿಜವಾಗಿಯೂ ಬಾಗಿಲೆಂದೇ ತಿಳಿದಿದ್ದರು. ನಾವೆಲ್ಲ ನಕ್ಕೆವು. ನೆಗೆಣ್ಣಿಯೂ ನಕ್ಕಳು. ತಮ್ಮ ಕಡೆ ಯಾರಾದರೂ ಬೇಸರ ಬರುವಷ್ಟು ಮಾತಾಡಿದರೆ "ಪಿಟೀಲು ಕುಯ್ಯಬೇಡ" ಅನ್ನುತ್ತಾರೆ ಎಂದು ತಾನೇ ಹೇಳಿ ಇನ್ನಷ್ಟು ನಗಿಸಿದಳು. ಮರುವಾರ ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ಹೋಗೆಂದು ಯಾರೂ ಹೇಳಲಿಲ್ಲ. ಅದಕ್ಕೇ ಇರಬೇಕು, ಅದನ್ನು ಇಳಿಸು ಎಂದೂ ಬಹಳ ವರ್ಷ ಯಾರಿಗೂ ಹೇಳಲು ತೋಚಲಿಲ್ಲ.

ಅವಳು ರೊಟ್ಟಿ ಬಡಿಯಲು ಕಲಿತದ್ದು ನನ್ನ ಹತ್ತಿರ. ನಾನು ಪಿಟೀಲು ಚೌಡಯ್ಯನವರ ಬಗ್ಗೆ ಕೇಳಿದ್ದು ಅವಳ ಹತ್ತಿರ, ಅದೇ ಒಲೆಯ ಮುಂದೆ. "ಅಕ್ಕ, ಅವರು ನಮ್ಮೂರಿನವರು" ಎಂದು ಶುರು ಮಾಡುತ್ತಿದ್ದಳು. ಅವಳ ಅಜ್ಜ ಚೌಡಯ್ಯನವರ ಕಚೇರಿಗಳನ್ನು ಎದುರಿಗೆ ಕೂತು ಕೇಳಿದ್ದರಂತೆ. ಆಮೇಲೆ ನಾನೂ ಸಿಕ್ಕ ಪುಸ್ತಕ ಓದಿದೆ, ಕ್ಯಾಸೆಟ್ಟು ತರಿಸಿ ಕೇಳಿದೆ. ಸಂಗೀತದ ಶಾಸ್ತ್ರ ನನಗೆ ತಿಳಿಯದು. ಆದರೆ ಆ ಮನುಷ್ಯನ ಬದುಕಿನ ಒಂದು ಹಟ ನನಗೆ ತಿಳಿಯಿತು ಅಂದುಕೊಂಡಿದ್ದೇನೆ.

ಚೌಡಯ್ಯನವರು ಹುಟ್ಟಿದ್ದು 1895ರ ಜನವರಿ 1ರಂದು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಕಾವೇರಿಗೆ ಕಪಿಲೆ ಬಂದು ಕೂಡುವ ಊರು ಅದು. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಮೂರರ ಕೂಡಲು ಅನ್ನುತ್ತಾರೆ. ನಾವು ಕೃಷ್ಣೆ ಪಂಚಗಂಗೆ ಕೂಡುವಲ್ಲಿ ನರಸೋಬಾನ ವಾಡಿಗೆ ಹೋಗುವ ಹಾಗೆ ಆ ಕಡೆಯವರು ಅಲ್ಲಿಗೆ ಮೀಯಲು ಹೋಗುತ್ತಾರೆ. ಮುಂದೆ ಚೌಡಯ್ಯನವರು ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಕೃತಿಗಳನ್ನು ರಚಿಸಿದಾಗ ಅವುಗಳ ಕೊನೆಯಲ್ಲಿಟ್ಟ ಅಂಕಿತ "ತ್ರಿಮಕುಟ". ದೇವರ ಹೆಸರೂ ಅಲ್ಲ, ತಮ್ಮ ಹೆಸರೂ ಅಲ್ಲ, ಹುಟ್ಟಿದ ಊರಿನ ಹೆಸರು. ತವರನ್ನು ಹೆಸರಿನಲ್ಲಿ ಉಳಿಸಿಕೊಳ್ಳಲಾಗದ ನಮ್ಮಂಥವರಿಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವೇ.

ಹುಡುಗನನ್ನು ಮೈಸೂರಿಗೆ ಕಳಿಸಿ ಬಿಡಾರಂ ಕೃಷ್ಣಪ್ಪನವರ ಕೈಗೆ ಒಪ್ಪಿಸಿದರು. ಕೃಷ್ಣಪ್ಪನವರು ಹಾಡುಗಾರರು. ಪಿಟೀಲು ಕಲಿಯಬೇಕಾದ ಹುಡುಗ ಹಾಡುವ ಗುರುವಿನ ಹತ್ತಿರ ಕೂತ ಎಂಬುದನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ವಾದ್ಯಕ್ಕೆ ಮೊದಲು ಬಾಯಿ ಇದೆ. ಗುರು ಹಾಡಿದ್ದನ್ನು ಬೆರಳು ಹಾಡಬೇಕು. 1910ರಿಂದ 1918ರವರೆಗೆ ಬಹಳ ಕಟ್ಟುನಿಟ್ಟಿನ ಪಾಠ. ಕೃಷ್ಣಪ್ಪನವರು ಸುಲಭದ ಗುರುಗಳಲ್ಲ ಎಂದು ಬಲ್ಲವರೆಲ್ಲ ಬರೆದಿದ್ದಾರೆ. ಅವರು ಮೈಸೂರಿನಲ್ಲಿ ಕಟ್ಟಿಸಿದ ರಾಮಮಂದಿರ ಇವತ್ತಿಗೂ ಸಂಗೀತದ ಜಾಗವೇ.

ಚೌಡಯ್ಯನವರು ಕಚೇರಿಗಳಿಗೆ ಕೂರತೊಡಗಿದ ಕಾಲದಲ್ಲಿ ಮೈಕು ಇರಲಿಲ್ಲ. ಹಾಡುವವರಿಗೆ ದೊಡ್ಡ ಕಂಠ ಇರುತ್ತಿತ್ತು. ಇಲ್ಲದವರು ಮಾಡಿಕೊಳ್ಳುತ್ತಿದ್ದರು. ಮೃದಂಗಕ್ಕೆ ಚರ್ಮದ ಗುಡುಗೇ ಇದೆ. ನಡುವೆ ಸಿಕ್ಕಿಬಿದ್ದದ್ದು ಪಿಟೀಲು. ಪಕ್ಕವಾದ್ಯ ಎಂಬ ಮಾತನ್ನೇ ನೋಡಿ, ಪಕ್ಕದಲ್ಲಿ ಕೂರುವ ವಾದ್ಯ. ಹಾಡುವವರ ಹಿಂದೆ ನೆರಳಿನ ಹಾಗೆ ಹೋಗಬೇಕು, ಅವರು ಉಸಿರು ತೆಗೆದುಕೊಂಡಾಗ ಸಂದು ತುಂಬಬೇಕು, ಅವರು ನಿಲ್ಲಿಸಿ ಕೈ ತೋರಿಸಿದಾಗ ಮಾತ್ರ ತಾನಾಗಿ ಒಂದಿಷ್ಟು ನುಡಿಯಬೇಕು. ಆ ಒಂದಿಷ್ಟೂ ಮುಂದಿನ ನಾಲ್ಕು ಸಾಲಿನವರಿಗೆ ಕೇಳಿಸಿ ಹಿಂದಿನವರಿಗೆ ಕೇಳಿಸದೆ ಹೋದರೆ? ಹಿಂದೆ ಕೂತವರಿಗೆ ಚೌಡಯ್ಯನವರ ಕಮಾನು ಹೋಗಿಬರುವುದು ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ.

ಇದಕ್ಕೆ ಅವರು ಕಂಡುಕೊಂಡ ಉಪಾಯ ತಂತಿ ಸೇರಿಸುವುದು. ಪಿಟೀಲಿಗೆ ಇರುವುದು ನಾಲ್ಕು ತಂತಿ. 1927ರ ಹೊತ್ತಿಗೆ ಅವರು ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ನೆಗೆಣ್ಣಿ ಇದನ್ನು ಲಟ್ಟಣಿಗೆಯ ಮೇಲೆ ದಾರ ಎಳೆದು ತೋರಿಸಿದ್ದಳು. ಮೂರು ತಂತಿಗಳ ಪಕ್ಕಕ್ಕೆ ಒಂದೊಂದು ಜೊತೆ ತಂತಿ, ಅದೇ ಸ್ವರ, ಆದರೆ ಬೇರೆ ಸ್ಥಾಯಿಯದು. ಒಂದೇ ಬೆರಳು ಎರಡನ್ನೂ ಒತ್ತುತ್ತದೆ, ಒಂದೇ ಕಮಾನು ಎರಡನ್ನೂ ಉಜ್ಜುತ್ತದೆ. ಒಬ್ಬರು ಹಾಡುವ ಜಾಗದಲ್ಲಿ ಗಂಡು ಕಂಠವೂ ಹೆಣ್ಣು ಕಂಠವೂ ಕೂಡಿ ಹಾಡಿದ ಹಾಗೆ ದನಿ ತುಂಬಿಕೊಳ್ಳುತ್ತದೆ. ಹೇಳಲು ಸುಲಭ. ಏಳು ತಂತಿ ಹಿಡಿಸಬೇಕಾದರೆ ಪಿಟೀಲಿನ ಕೊರಳು ಅಗಲವಾಗಬೇಕು, ತಂತಿ ಹೊರುವ ಕುದುರೆ ಅಗಲವಾಗಬೇಕು, ಏಳು ಬಿರಡೆ ಬೇಕು, ಎಳೆತ ಹೆಚ್ಚಾದರೆ ಮೇಲಿನ ತೆಳುವಾದ ಹಲಗೆ ತಡೆದುಕೊಳ್ಳಬೇಕು. ಜೊತೆ ತಂತಿ ಕೂದಲೆಳೆಯಷ್ಟು ಅಪಸ್ವರವಾದರೂ ಎರಡು ಪಟ್ಟು ಕೆಟ್ಟದಾಗಿ ಕೇಳುತ್ತದೆ. ಬೆರಳಿನ ತುದಿಗೆ ಬೀಳುವ ಒತ್ತೂ ಎರಡು ಪಟ್ಟು. ನೆಗೆಣ್ಣಿ ತನ್ನ ಎಡಗೈ ಬೆರಳ ತುದಿ ತೋರಿಸಿ, "ನಾಲ್ಕಕ್ಕೇ ಇಲ್ಲಿ ಕಾಯಿ ಕಟ್ಟುತ್ತೆ ಅಕ್ಕ" ಅಂದಳು. ಮದುವೆಯಾಗಿ ಮೂರು ವರ್ಷವಾಗಿತ್ತು. ತುದಿಗಳು ಮೆತ್ತಗಾಗಿದ್ದವು.

ಈ ಏಳು ತಂತಿಯನ್ನು ಎಲ್ಲರೂ ಒಪ್ಪಲಿಲ್ಲ. ಪಿಟೀಲಿನ ಚೆಲುವಿರುವುದೇ ಅದರ ಒಂಟಿ ದನಿಯಲ್ಲಿ, ಜೊತೆ ತಂತಿ ಹಾಕಿದರೆ ನಯ ಹೋಗಿ ಬರೀ ಗಾತ್ರ ಉಳಿಯುತ್ತದೆ ಎನ್ನುವವರಿದ್ದರು. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಆ ಕಾಲದ ದೊಡ್ಡ ಪಿಟೀಲುಗಾರರೆಂದು ಚೌಡಯ್ಯನವರ ಜೊತೆಗೆ ಹೇಳುವ ಇನ್ನೆರಡು ಹೆಸರು ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಅವರದು. ಇಬ್ಬರೂ ನಾಲ್ಕು ತಂತಿಯಲ್ಲೇ ಹೆಸರು ಮಾಡಿದವರು. ನಾಯ್ಡು ಅವರ ಹಳೆಯ ಮುದ್ರಿಕೆ ಕೇಳಿದರೆ ರೇಷ್ಮೆಯ ಎಳೆ ಬಿಚ್ಚಿದ ಹಾಗಿರುತ್ತದೆ. ಚೌಡಯ್ಯನವರದು ಇಳಕಲ್ಲಿನ ದಪ್ಪ ನೇಯ್ಗೆ, ಸೆರಗಿನ ತುಂಬ ಕೆಂಪು. ಚೆಂಬೈ ವೈದ್ಯನಾಥ ಭಾಗವತರ ಕಂಚಿನ ಕಂಠದ ಪಕ್ಕದಲ್ಲಿ ಕೂತು ಸರಿಸಮಕ್ಕೆ ನುಡಿಸಲು ಅಂಥ ನೇಯ್ಗೆಯೇ ಬೇಕಾಗಿತ್ತು. ಅವರಿಬ್ಬರ ಜೋಡಿ ಬಹಳ ವರ್ಷ ನಡೆಯಿತು. 1943ರ "ವಾಣಿ" ಎಂಬ ಕನ್ನಡ ಚಿತ್ರದಲ್ಲಿ ಇಬ್ಬರೂ ಇದ್ದಾರೆ. ನಿರ್ದೇಶನ ಕೆ. ಹಿರಣ್ಣಯ್ಯನವರದು, ಚಿತ್ರ ಮಾಡಿಸುವ ಸಾಹಸದಲ್ಲಿ ಚೌಡಯ್ಯನವರದೂ ಕೈ ಇತ್ತು. ಕಚೇರಿ ಮಾಡಿಕೊಂಡು ಸುಮ್ಮನಿರುವ ಸ್ವಭಾವ ಅವರದಲ್ಲ ಎಂದು ಕಾಣುತ್ತದೆ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ತೆರೆದರು, ಅರಮನೆಯ ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ "ಸಂಗೀತ ಕಲಾನಿಧಿ" ಬಿರುದು ಕೊಟ್ಟಿತು. ಪಕ್ಕದಲ್ಲಿ ಕೂರುವವರಿಗೆ ಆ ಗೌರವ ಸುಲಭಕ್ಕೆ ಸಿಗುತ್ತಿರಲಿಲ್ಲ.

ಇಷ್ಟೆಲ್ಲ ಹೇಳುವಾಗ ಪಿಟೀಲು ನಮ್ಮದಲ್ಲ ಎಂಬುದು ಮರೆತೇ ಹೋಗುತ್ತದೆ. ಈಗ ನಾವು ಕಾಣುವ ರೂಪದ ಪಿಟೀಲು ತಯಾರಾದದ್ದು ಇಟಲಿಯಲ್ಲಿ, 16ನೆಯ ಶತಮಾನದಲ್ಲಿ. ಕ್ರೆಮೋನಾ ಎಂಬ ಊರಿನ ಅಮಾತಿ ಮನೆತನ, ಆಮೇಲೆ ಅದೇ ಊರಿನ ಸ್ಟ್ರಾಡಿವಾರಿ, ಇವರ ಕೈ ಅದಕ್ಕೆ ರೂಪ ಕೊಟ್ಟಿತು. ನಮ್ಮ ದೇಶದ ಹಾಡಿಗೆ ಅದನ್ನು ಒಗ್ಗಿಸಿದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮತ್ತು ತಂಜಾವೂರಿನ ವಡಿವೇಲು. ವಡಿವೇಲುವಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲು ಕೊಟ್ಟರು. ಅದೇ ವರ್ಷಗಳಲ್ಲಿ ಅತ್ತ ಯುರೋಪಿನಲ್ಲಿ ಇಟಲಿಯ ಪಾಗನೀನಿ ಊರೂರು ತಿರುಗುತ್ತ ಜನರನ್ನು ಮರುಳು ಮಾಡುತ್ತಿದ್ದ. ನಮ್ಮ ಚೌಡಯ್ಯನವರು ತಂತಿ ಸೇರಿಸಿದರೆ ಈತ ತಂತಿ ಕಡಿಮೆ ಮಾಡಿ ಹೆಸರಾದವನು. ಮೂರನ್ನು ಬಿಟ್ಟು ಒಂದೇ ತಂತಿಯ ಮೇಲೆ ಇಡೀ ರಚನೆ ನುಡಿಸುತ್ತಿದ್ದ. ಇಂಥದ್ದು ಮನುಷ್ಯನ ಕೈಯಿಂದ ಆಗದು, ಸೈತಾನನಿಗೆ ಆತ್ಮ ಮಾರಿದ್ದಾನೆ ಎಂದು ಜನ ಆಡಿಕೊಂಡರು. 1840ರಲ್ಲಿ ಸತ್ತಾಗ ಪಾದ್ರಿಗಳು ಮಣ್ಣು ಕೊಡಲಿಲ್ಲ. ಹೆಣ ಅಲ್ಲಿಂದಿಲ್ಲಿಗೆ ಅಲೆದು ಕೊನೆಗೆ 1876ರಲ್ಲಿ ಪಾರ್ಮಾ ಎಂಬಲ್ಲಿ ನೆಲೆ ಕಂಡಿತು. ಅವನ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಅವನಿಗಿಂತ ಹಿಂದಿನ ಒಬ್ಬ ಹೆಂಗಸಿನ ಕಥೆ.

ಮದ್ದಲೇನಾ ಲೊಂಬಾರ್ದೀನಿ ಅವಳ ಹೆಸರು, 1745ರಲ್ಲಿ ಹುಟ್ಟಿದವಳು. ಆಗ ವೆನಿಸ್ ನಗರದಲ್ಲಿ ಅನಾಥ ಹಾಗೂ ಬಡ ಹೆಣ್ಣುಮಕ್ಕಳನ್ನು ಸಾಕುವ ಆಶ್ರಮಗಳಿದ್ದವು. ಅಲ್ಲಿ ಜಾಣ ಹುಡುಗಿಯರಿಗೆ ಸಂಗೀತ ಕಲಿಸುತ್ತಿದ್ದರು. ವಿವಾಲ್ದಿ ಎಂಬ ಹೆಸರಾಂತ ಪಿಟೀಲುಗಾರ ಇಂಥದೇ ಒಂದು ಆಶ್ರಮದಲ್ಲಿ ಹಿಂದೆ ಮಾಸ್ತರನಾಗಿದ್ದ. ಹುಡುಗಿಯರ ವಾದ್ಯ ಕೇಳಲು ದೇಶದೇಶದ ಶ್ರೀಮಂತರು ಬರುತ್ತಿದ್ದರು. ಆದರೆ ಹುಡುಗಿಯರು ಕೂರುತ್ತಿದ್ದದ್ದು ಮೇಲಿನ ಅಟ್ಟಣೆಯಲ್ಲಿ, ಕಬ್ಬಿಣದ ಜಾಲರಿಯ ಹಿಂದೆ. ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ನಮ್ಮ ಪಕ್ಕವಾದ್ಯದವರ ಪಾಡಿಗೆ ಇದು ನೇರ ತಿರುಗುಮುರುಗು.

ಲೊಂಬಾರ್ದೀನಿ ಸೇರಿದ್ದು ಮೆಂಡಿಕಾಂತಿ ಎಂಬ ಆಶ್ರಮ. ಆ ಕಾಲದ ಬಹು ದೊಡ್ಡ ಪಿಟೀಲುಗಾರ ತಾರ್ತೀನಿ ಅವಳಿಗೆ ಗುರುವಾದ. ಅವನು ಇದ್ದದ್ದು ಪಾದುವಾ ಎಂಬ ಬೇರೆ ಊರಿನಲ್ಲಿ. 1760ರ ಮಾರ್ಚಿಯಲ್ಲಿ, ಅವಳಿನ್ನೂ 14-15ರ ಹುಡುಗಿಯಾಗಿದ್ದಾಗ, ಅವನು ಪಾಠವನ್ನೇ ಕಾಗದವಾಗಿ ಬರೆದು ಕಳಿಸಿದ. ಆ ಕಾಗದ ಮುಂದೆ ಅಚ್ಚಾಗಿ, ಇಂಗ್ಲಿಷಿಗೂ ಹೋಗಿ, ಪಿಟೀಲು ಕಲಿಯುವವರಿಗೆಲ್ಲ ದಾರಿಯಾಯಿತು. ಅದರಲ್ಲಿರುವುದು ದೊಡ್ಡ ಗುಟ್ಟೇನಲ್ಲ. ಬೆರಳಿಡದೆ ಬರೀ ತಂತಿಯ ಮೇಲೆ ಕಮಾನು ಇಟ್ಟು ಮೊದಲು ಕೇಳಿಯೂ ಕೇಳದ ಹಾಗೆ ಎಳಿ, ನಿಧಾನಕ್ಕೆ ಬಲ ಕೊಡುತ್ತ ಹೋಗು, ಮತ್ತೆ ಇಳಿಸು, ದಿನಕ್ಕೊಂದು ತಾಸು ಇದನ್ನೇ ಮಾಡು ಎನ್ನುವ ಧಾಟಿಯ ಮಾತು. ನಾನು ಇದನ್ನು ಓದಿ ಹೇಳಿದಾಗ ನೆಗೆಣ್ಣಿ ಕೈಯಲ್ಲಿದ್ದ ಹಿಟ್ಟು ಬಿಟ್ಟು ನನ್ನ ಮುಖ ನೋಡಿದಳು. ಮೈಸೂರಿನಲ್ಲಿ ಅವಳ ಮೇಷ್ಟ್ರೂ ಮೊದಲ ಆರು ತಿಂಗಳು ಅದನ್ನೇ ಮಾಡಿಸಿದ್ದರಂತೆ. "ಮನೇಲಿ ಎಲ್ಲಾರೂ ಬೈತಿದ್ರು ಅಕ್ಕ, ಒಂದು ಹಾಡೂ ಬರಲಿಲ್ಲ ಅಂತ."

ಆಶ್ರಮದ ಹುಡುಗಿ ಹೊರಗೆ ಬಂದು ಜನರೆದುರು ನುಡಿಸುವಂತಿರಲಿಲ್ಲ. ಹೊರಬರಲು ಇದ್ದದ್ದು ಎರಡೇ ಬಾಗಿಲು, ಸನ್ಯಾಸ ಇಲ್ಲವೆ ಮದುವೆ. 1767ರಲ್ಲಿ ಅವಳು ಲುದೊವೀಕೊ ಸಿರ್ಮೆನ್ ಎಂಬ ಪಿಟೀಲುಗಾರನನ್ನು ಮದುವೆಯಾದಳು, ಮರುವರ್ಷವೇ ಪ್ಯಾರಿಸ್ಸಿನ ಸಭೆಯಲ್ಲಿ ನುಡಿಸಿದಳು, ಆಮೇಲೆ ಲಂಡನ್ನಿನಲ್ಲಿ. ತಾನೇ ರಚಿಸಿದ ಕೃತಿಗಳು ಅಚ್ಚಾದವು. ಪ್ರಖ್ಯಾತ ಮೊಜಾರ್ಟನ ತಂದೆ ತನ್ನ ಕಾಗದವೊಂದರಲ್ಲಿ ಅವಳ ರಚನೆಯನ್ನು ಹೊಗಳಿದ್ದಾನೆ. ಆಮೇಲೆ ಅವಳು ಪಿಟೀಲು ಬಿಟ್ಟು ಹಾಡುಗಾತಿಯಾಗಲು ಹೊರಟಳು, ಅದು ಅಷ್ಟು ಕೈ ಹಿಡಿಯಲಿಲ್ಲ. 1818ರಲ್ಲಿ ವೆನಿಸಿನಲ್ಲೇ ತೀರಿಕೊಂಡಳು. ಮದುವೆ ಎಂಬ ಬಾಗಿಲು ಅವಳಿಗೆ ಪಿಟೀಲಿನ ಪೆಟ್ಟಿಗೆಯನ್ನು ಹೊರಗೆ ಒಯ್ಯಲು ತೆರೆಯಿತು. ಇದನ್ನು ಹೇಳಿದ ದಿನ ನೆಗೆಣ್ಣಿ ಏನೂ ಅನ್ನಲಿಲ್ಲ. ನಾನು ಅಟ್ಟದ ಕಡೆ ನೋಡಿದೆ.

ಪೆಟ್ಟಿಗೆ ಇಳಿದದ್ದು ಅವಳ ಮಗಳು ಶಾಲೆಗೆ ಹೋಗುವಂತಾದ ಮೇಲೆ. ಎರಡು ತಂತಿ ತುಕ್ಕು ಹಿಡಿದು ಹರಿದಿದ್ದವು, ಕುದುರೆ ಬಿದ್ದಿತ್ತು, ಕಮಾನಿನ ಕೂದಲಿಗೆ ಹುಳ ಹತ್ತಿತ್ತು. ಕಮಾನಿಗೆ ಕಟ್ಟುವುದು ಕುದುರೆಯ ಬಾಲದ ಕೂದಲು ಎಂದು ಅತ್ತೆಯವರಿಗೆ ಅವತ್ತೇ ಗೊತ್ತಾದದ್ದು. ಹಿಂದಿನ ಕಾಲದಲ್ಲಿ ತಂತಿಯನ್ನು ಕುರಿಯ ಕರುಳಿನಿಂದ ಮಾಡುತ್ತಿದ್ದರು ಎಂಬುದನ್ನು ನಾವಿಬ್ಬರೂ ಜಾಣತನದಿಂದ ಹೇಳದೆ ಬಿಟ್ಟೆವು. ಉಳ್ಳಾಗಡ್ಡಿಯೂ ಒಳಗೆ ಬಾರದ ಅಡುಗೆಮನೆ ನಮ್ಮದು. ಈಗಿನವು ಉಕ್ಕಿನ ತಂತಿ, ದೋಷವಿಲ್ಲ.

ರಿಪೇರಿಗೆ ಮಿರಜಿಗಲ್ಲದೆ ಎಲ್ಲಿಗೆ ಹೋಗುವುದು? ಬಸ್ಸಿನಲ್ಲಿ ಅಂಕಲಿ ದಾಟಿ, ಕೃಷ್ಣೆಯ ಸೇತುವೆ ದಾಟಿ ಹೋದೆವು. ಕಾಗವಾಡದವರಿಗಂತೂ ಅದು ಸಂತೆಗೆ ಹೋಗಿಬರುವಷ್ಟು ಹತ್ತಿರ. ಮಿರಜಿನಲ್ಲಿ ಒಂದು ಓಣಿಯ ತುಂಬ ವಾದ್ಯ ಮಾಡುವವರೇ. ಅವರ ಹಿರಿಯರು ಆಯುಧ ಮಾಡುವ ಶಿಕಲಗಾರರು. ಕತ್ತಿಯ ಕಾಲ ಮುಗಿಯುತ್ತ ಬಂದಾಗ, 19ನೆಯ ಶತಮಾನದ ನಡುವೆ, ಅವರಲ್ಲಿ ಫರೀದಸಾಹೇಬ ಎಂಬವರು ತಂಬೂರಿ, ಸಿತಾರು ಮಾಡತೊಡಗಿದರು, ವಂಶವೆಲ್ಲ ಅದೇ ಕಸುಬಿಗೆ ತಿರುಗಿತು. ಪಂಢರಪುರದ ಕಡೆಯಿಂದ ಬಂದ ದೊಡ್ಡ ದೊಡ್ಡ ಬುರುಡೆಗಳು ಅಂಗಡಿಗಳ ಮುಂದೆ ಒಣಗುತ್ತಿರುತ್ತವೆ. ಮಿರಜಿನ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಾವು ಹೋದ ಅಂಗಡಿಯ ಮುದುಕರು ಪಿಟೀಲನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಕೆಲಸ ಅಲ್ಲ ಬೇಟಿ, ಆದರ ಕಟಗಿ ಕಟಗೀನ" ಎಂದು ಕುದುರೆ ಕೂರಿಸಿ ಕೊಟ್ಟರು. ಕೂದಲಿನ ಕಮಾನು ಮಾತ್ರ ಹೊಸದೇ ಕೊಳ್ಳಬೇಕಾಯಿತು.

ಮಿರಜಿನಿಂದ ಮೈಸೂರಿಗೆ ಸಂಗೀತದ ದಾರಿ ಹೊಸದೇನಲ್ಲ. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಮ ಖಾನರು ಮೈಸೂರಿನ ದಸರೆಗೆ ಹೋಗಿ ಹಾಡುತ್ತಿದ್ದರು, ಆ ಕಡೆಯ ಸಂಗೀತವನ್ನು ಆಸೆಯಿಂದ ಕೇಳುತ್ತಿದ್ದರು. ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಹಾಡುತ್ತಿದ್ದದ್ದು ದಕ್ಷಿಣಾದಿ ಸಂಗೀತವೇ. ಅವರ ಹಾಡು ಕೇಳಲೂ ಖಾನಸಾಹೇಬರು ಬರುತ್ತಿದ್ದರು. 1937ರಲ್ಲಿ ದಕ್ಷಿಣದ ಪ್ರವಾಸದಲ್ಲೇ ರೈಲು ನಿಲ್ದಾಣವೊಂದರಲ್ಲಿ ಕಣ್ಣು ಮುಚ್ಚಿದ ಅವರನ್ನು ಮಿರಜಿಗೆ ತಂದು ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ನಮ್ಮ ಕಡೆ ಪಿಟೀಲೇ ಇರಲಿಲ್ಲ ಎಂದೂ ಅಲ್ಲ. ನಿಪ್ಪಾಣಿಗೆ ಕೂಗಳತೆಯ ಇಚಲಕರಂಜಿಯ ಬಾಳಕೃಷ್ಣಬುವಾ ಅವರ ಶಿಷ್ಯಪರಂಪರೆಯಲ್ಲಿ ಬಂದ ಗಜಾನನಬುವಾ ಜೋಶಿಯವರು (1911–1987) ಹಾಡುಗಾರರೂ ಹೌದು, ಪಿಟೀಲುಗಾರರೂ ಹೌದು. ಸಾತಾರೆಯ ಕಡೆ ವಾಯಿಯಲ್ಲಿ ಹುಟ್ಟಿದ ವಿ. ಜಿ. ಜೋಗ ಅವರು ದೇಶಕ್ಕೆಲ್ಲ ಗೊತ್ತು. ಎನ್. ರಾಜಂ ಎಂಬ ದಕ್ಷಿಣದ ಹೆಣ್ಣುಮಗಳು ಕಾಶಿಯಲ್ಲಿ ಕೂತು ಪಿಟೀಲಿನಲ್ಲಿ ಖಯಾಲು ಹಾಡಿಸಿದರು. ಆದರೆ ಇವರೆಲ್ಲ ಪಿಟೀಲನ್ನು ಹೆಚ್ಚಾಗಿ ಒಂಟಿಯಾಗಿ ಮುಂದೆ ತಂದವರು. ಪಕ್ಕದಲ್ಲಿ ಕೂತೇ ಕೊನೆಯ ಸಾಲಿನವರೆಗೆ ಕೇಳಿಸಿಕೊಳ್ಳುವ ಹಟ ಚೌಡಯ್ಯನವರದು.

ಚೌಡಯ್ಯನವರು 1967ರ ಜನವರಿ 19ರಂದು ತೀರಿಕೊಂಡರು. ಅಷ್ಟು ಹೊತ್ತಿಗೆ ಮೈಕು ಊರೂರಿಗೆ ಬಂದಿತ್ತು. ಏಳು ತಂತಿ ಹುಟ್ಟಲು ಇದ್ದ ಕಾರಣವೇ ಇಲ್ಲವಾಗಿತ್ತು. ಒಂದು ಗುಂಡಿ ತಿರುಗಿಸಿದರೆ ನಾಲ್ಕು ತಂತಿಯೂ ಬೀದಿಯವರೆಗೆ ಕೇಳುತ್ತದೆ. ಹಾಗಿರುವಾಗ ಜೊತೆ ತಂತಿಯ ಕಷ್ಟ ಯಾರಿಗೆ ಬೇಕು? ಅವರ ಶಿಷ್ಯರಾದ ಆರ್. ಆರ್. ಕೇಶವಮೂರ್ತಿಗಳು ಮಾತ್ರ ಏಳು ತಂತಿಯನ್ನು ಬಿಡದೆ ನುಡಿಸಿದರು. ಅವರ ನಂತರ ಅದನ್ನು ಕೈಗೆತ್ತಿಕೊಂಡವರು ಬಹಳ ವಿರಳ.

ಆದರೆ ಬೆಂಗಳೂರಿನಲ್ಲಿ ಒಂದು ಏಳು ತಂತಿಯ ಪಿಟೀಲು ಬಿಸಿಲು ಮಳೆಗೆ ಅಲುಗಾಡದೆ ನಿಂತಿದೆ. ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನದ ಕಟ್ಟಡವೇ ಪಿಟೀಲಿನ ಆಕಾರದ್ದು. ತಂತಿ, ಕುದುರೆ, ಬಿರಡೆ, ಕಮಾನು ಎಲ್ಲ ಇವೆ. ನಾನು ಮತ್ತು ನೆಗೆಣ್ಣಿ ಒಮ್ಮೆ ಮದುವೆಯೊಂದಕ್ಕೆಂದು ರಾಯಬಾಗದಲ್ಲಿ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೋದಾಗ ನೋಡಿಕೊಂಡು ಬಂದೆವು. ಅವತ್ತು ಒಳಗೆ ಯಾವುದೋ ಶಾಲೆಯ ವಾರ್ಷಿಕೋತ್ಸವ. ಆಳೆತ್ತರದ ಸ್ಪೀಕರುಗಳಲ್ಲಿ ಸಿನೆಮಾ ಹಾಡು, ಮುಖಕ್ಕೆ ಬಣ್ಣ ಹಚ್ಚಿಕೊಂಡ ಪುಟ್ಟ ಮಕ್ಕಳು ಮೆಟ್ಟಿಲ ಮೇಲೆ ಓಡಾಡುತ್ತಿದ್ದರು. ಹೊರಗೆ ನಿಂತು ನೆಗೆಣ್ಣಿ ಬೆರಳು ಮಡಚುತ್ತ ತಂತಿ ಎಣಿಸಿದಳು. ಏಳು. ಮತ್ತೊಮ್ಮೆ ಎಣಿಸಿದಳು. ಪಕ್ಕದಲ್ಲಿ ನಿಂತಿದ್ದ ತಾಯಿಯೊಬ್ಬರು, "ಪಿಟೀಲಿಗೆ ನಾಲ್ಕೇ ತಂತಿ ಅಲ್ವಾ? ಕಟ್ಟೋವಾಗ ತಪ್ಪು ಮಾಡಿದಾರೆ ಅನ್ಸುತ್ತೆ" ಅಂದರು. ನೆಗೆಣ್ಣಿ ಅವರಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಚೌಡಯ್ಯನವರ ಕಥೆಯನ್ನು ಮೊದಲಿನಿಂದ ಹೇಳಿದಳು. ನಮಗೆ ಮದುವೆಯ ಊಟ ತಪ್ಪಿತು.

ಊರಿಗೆ ಬಂದ ಮೇಲೆ ಅವಳು ದಿನಾ ಮಧ್ಯಾಹ್ನ ಅರ್ಧ ತಾಸು ಕಮಾನು ಹಿಡಿಯತೊಡಗಿದಳು. ಮೊದಮೊದಲು ಬರೀ ಸಾ, ಪಾ. ಬೆರಳಿನ ಅಭ್ಯಾಸ ತಪ್ಪಿತ್ತು, ಸ್ವರ ಜಾರುತ್ತಿತ್ತು, ತಾನೇ ಮುಖ ಸಿಂಡರಿಸಿಕೊಳ್ಳುತ್ತಿದ್ದಳು. ಒಂದು ತಿಂಗಳ ನಂತರ ಮೆಲ್ಲಗೆ ಒಂದು ದೇವರನಾಮ. ಓಣಿಗೆ ಕೇಳಬಾರದೆಂದು ಕಿಟಕಿ ಹಾಕಿಕೊಂಡಿದ್ದಳು. ಅಡುಗೆಮನೆಯಲ್ಲಿ ಅತ್ತೆಯವರು ಶೇಂಗಾ ಹುರಿಯುತ್ತಿದ್ದರು. ಬಾಣಲೆಯ ಸದ್ದು ನಿಂತಿತು.

"ತಂಗೀ, ಜರಾ ಜೋರ ಬಾರಸ" ಎಂದು ಒಳಗಿನಿಂದಲೇ ಕೂಗಿದರು. "ಇಲ್ಲಿ ಕೇಳಸವಲ್ದು."